ಒತ್ತುವ ಗುಂಡಿ, ಬೀಳುವ ಗುಂಡಿ

ಪತ್ರಿಕೆಯ ವರ್ಗೀಕೃತ ಜಾಹೀರಾತಿನಲ್ಲಿ ಪ್ರತಿ ಪದಕ್ಕೂ ಕಾಸು. ಆದ್ದರಿಂದ ನಿವೇಶನ ಮಾರುವವರು ‘30×40, ಪೂರ್ವ ದಿಕ್ಕು, ಕಾರ್ನರ್ ಸೈಟು’ ಎಂದು ಚುಟುಕಾಗಿ ಹೇಳಿ, ಕೊನೆಗೆ ‘ಆಸಕ್ತರು ಸಂಪರ್ಕಿಸಿ’ ಎಂದು ಫೋನ್ ನಂಬರ್ ಹಾಕಿ ಮುಗಿಸುತ್ತಾರೆ. ವೆಬ್‌ಸೈಟಿನಲ್ಲಿ ಪದಗಳಿಗೆ ಬರವಿಲ್ಲ. ಬಣ್ಣದ ಚಿತ್ರಗಳು, ಬಡಾವಣೆಯ ನಕ್ಷೆ, ವಿಡಿಯೋ ಎಲ್ಲವೂ ಇರುತ್ತವೆ. ಆದರೂ ನೋಡುಗ ಮುಂದಕ್ಕೆ ಹೆಜ್ಜೆ ಇಡುತ್ತಾನೋ, ಪುಟ ಮುಚ್ಚಿ ಹೋಗುತ್ತಾನೋ ಎಂಬುದನ್ನು ನಿರ್ಧರಿಸುವುದು ಬಹುಮಟ್ಟಿಗೆ ಆ ಕೊನೆಯ ಸಾಲೇ. ಈಗ ಅದು ಬಣ್ಣದ ಚೌಕದೊಳಗೆ ಎರಡು ಮೂರು ಪದಗಳ ಗುಂಡಿಯಾಗಿ ಕೂತಿದೆ.

ಜಾಹೀರಾತು ವೃತ್ತಿಯವರು ಇದನ್ನು ‘ಕಾಲ್ ಟು ಆ್ಯಕ್ಷನ್’ ಎನ್ನುತ್ತಾರೆ. ಕನ್ನಡದಲ್ಲಿ ‘ಆಹ್ವಾನದ ಸಾಲು’ ಎನ್ನಬಹುದು. ಪತ್ರಿಕೋದ್ಯಮ, ಕನ್ನಡ ಸಾಹಿತ್ಯ ಅಥವಾ ವಾಣಿಜ್ಯ ಓದಿ ಕಾಪಿರೈಟರ್ ಆಗಬಯಸುವ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಪಾಠ. ಸೋಪಿನ ಜಾಹೀರಾತು ನಂಬಿ ಮೋಸಹೋದರೆ ಹೋಗುವುದು ಕೆಲವು ರೂಪಾಯಿ. ನಿವೇಶನದ ಜಾಹೀರಾತು ನಂಬಿ ಮೋಸಹೋದರೆ ಅಪ್ಪನ ಭವಿಷ್ಯನಿಧಿ, ಅಮ್ಮನ ಒಡವೆ, ಇಪ್ಪತ್ತು ವರ್ಷದ ಸಾಲದ ಕಂತು ಎಲ್ಲವೂ ಹೋಗುತ್ತದೆ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಒಂದು ಸಲಕ್ಕೆ ಒಂದೇ ಹೆಜ್ಜೆ

ಮೈಸೂರಿನ ಹೊರವಲಯದಲ್ಲಿ ಒಂದು ಬಡಾವಣೆ ಇದೆ ಎಂದಿಟ್ಟುಕೊಳ್ಳಿ. ಅದರ ವೆಬ್‌ಸೈಟಿನಲ್ಲಿ ‘ಈಗಲೇ ಕೊಳ್ಳಿರಿ’ ಎಂಬ ದೊಡ್ಡ ಗುಂಡಿ ಇದೆ. ಯಾರು ಒತ್ತುತ್ತಾರೆ? ಮೊಬೈಲಿನಲ್ಲಿ ಗುಂಡಿ ಒತ್ತಿ ಶರ್ಟು ಕೊಳ್ಳಬಹುದು, ಸೈಟು ಯಾರೂ ಕೊಳ್ಳುವುದಿಲ್ಲ. ಮನೆಯವರನ್ನು ಕೇಳಬೇಕು, ಜಾಗ ನೋಡಬೇಕು, ವಕೀಲರಿಗೆ ಪತ್ರಗಳನ್ನು ತೋರಿಸಬೇಕು, ಬ್ಯಾಂಕು ಸಾಲ ಕೊಡುತ್ತದೆಯೇ ಎಂದು ವಿಚಾರಿಸಬೇಕು.

ಆದ್ದರಿಂದ ಬರೆಯುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಪುಟ ಓದುತ್ತಿರುವವರು ಈಗ ಯಾವ ಹಂತದಲ್ಲಿದ್ದಾರೆ? ಸುಮ್ಮನೆ ವಿಚಾರಿಸುತ್ತಿರುವವರಿಗೆ ‘ದರಪಟ್ಟಿ ನೋಡಿರಿ’ ಎಂದರೆ ಸಾಕು. ಎರಡು ಮೂರು ಬಡಾವಣೆಗಳನ್ನು ಹೋಲಿಸುತ್ತಿರುವವರಿಗೆ ‘ನಕ್ಷೆ ಮತ್ತು ಖಾತೆ ಪ್ರತಿ ಪಡೆಯಿರಿ’ ಎಂಬುದು ಉಪಯುಕ್ತ. ಮನಸ್ಸು ಗಟ್ಟಿ ಮಾಡಿದವರಿಗೆ ‘ಜಾಗ ನೋಡಲು ದಿನ ಗೊತ್ತುಮಾಡಿರಿ’ ಎಂಬುದೇ ಸರಿಯಾದ ಆಹ್ವಾನ. ಒಂದೇ ಪುಟದಲ್ಲಿ ಆರು ಗುಂಡಿಗಳನ್ನು ಪೇರಿಸಿದರೆ ಓದುಗ ಯಾವುದನ್ನೂ ಒತ್ತದೆ ಹೋಗುವುದೇ ಹೆಚ್ಚು. ಮುಖ್ಯವಾದದ್ದು ಒಂದೇ ಇರಲಿ, ಉಳಿದವು ಚಿಕ್ಕದಾಗಿರಲಿ.

ಕನ್ನಡಕ್ಕಿರುವ ಅನುಕೂಲ

ಇಂಗ್ಲಿಷಿನ ಗುಂಡಿ ಕ್ರಿಯಾಪದದಿಂದ ಶುರುವಾಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಇದು ತೊಡಕಲ್ಲ, ಅನುಕೂಲ. ‘ದರಪಟ್ಟಿ ಪಡೆಯಿರಿ’ ಎಂದಾಗ ಕಣ್ಣು ಮೊದಲು ಬೀಳುವುದು ‘ದರಪಟ್ಟಿ’ಯ ಮೇಲೆ. ತನಗೆ ಸಿಗುವುದೇನು ಎಂದು ಓದುಗನಿಗೆ ಮೊದಲ ಪದದಲ್ಲೇ ಗೊತ್ತಾಗುತ್ತದೆ.

‘ಇಲ್ಲಿ ಕ್ಲಿಕ್ ಮಾಡಿ’ ಎಂಬ ಸಾಲಿಗೆ ಈ ಗುಣವಿಲ್ಲ. ಅದು ಬೆರಳಿನ ಕೆಲಸವನ್ನು ಹೇಳುತ್ತದೆ, ಫಲವನ್ನು ಹೇಳುವುದಿಲ್ಲ. ಕಣ್ಣು ಕಾಣದವರು ಪುಟವನ್ನು ಓದಿ ಹೇಳುವ ತಂತ್ರಾಂಶ ಬಳಸಿ, ಗುಂಡಿಗಳ ಹೆಸರನ್ನಷ್ಟೇ ಒಂದೊಂದಾಗಿ ಕೇಳಿಸಿಕೊಳ್ಳುವುದುಂಟು. ಅವರಿಗೆ ಹತ್ತು ಬಾರಿ ‘ಇಲ್ಲಿ ಕ್ಲಿಕ್ ಮಾಡಿ’ ಎಂದು ಕೇಳಿಸಿದರೆ ಏನು ಪ್ರಯೋಜನ?

ಪದಗಳ ಆಯ್ಕೆಯಲ್ಲೂ ಎಚ್ಚರ ಬೇಕು. ‘ಋಣಭಾರ ಪ್ರಮಾಣಪತ್ರ’ ಎಂಬುದು ಸರಿಯಾದ ಪದವೇ. ಆದರೆ ನೋಂದಣಿ ಕಚೇರಿಯ ಬಾಗಿಲಲ್ಲಿ ನಿಂತವರೆಲ್ಲ ಕೇಳುವುದು ‘ಇ.ಸಿ.’ ಎಂದೇ. ಮೊಬೈಲಿನ ಪುಟ್ಟ ಪರದೆಯಲ್ಲಿ ಉದ್ದದ ಪದ ಮುರಿದು ಎರಡು ಸಾಲಾಗುತ್ತದೆ ಎಂಬುದನ್ನೂ ಮರೆಯಬಾರದು.

ಒತ್ತಿದ ಮೇಲೆ ಏನು?

ಜನ ಗುಂಡಿ ಒತ್ತಲು ಹಿಂಜರಿಯುವುದು ಆಸಕ್ತಿ ಇಲ್ಲದ್ದಕ್ಕಲ್ಲ, ಭಯದಿಂದ. ಒಮ್ಮೆ ಫೋನ್ ನಂಬರ್ ಕೊಟ್ಟರೆ ದಿನಕ್ಕೆ ಹತ್ತು ಕರೆ ಬರುತ್ತವೆ ಎಂಬ ಅನುಭವ ಬಹಳ ಮನೆಗಳಿಗಿದೆ. ಗುಂಡಿಯ ಕೆಳಗೆ ಚಿಕ್ಕ ಅಕ್ಷರದಲ್ಲಿ ಹೀಗೆ ಬರೆದರೆ ಆ ಭಯ ಕಡಿಮೆಯಾಗುತ್ತದೆ: ‘ಹೆಸರು, ಫೋನ್ ನಂಬರ್ ಸಾಕು. ಬೆಳಿಗ್ಗೆ 10ರಿಂದ ಸಂಜೆ 6ರೊಳಗೆ ಒಮ್ಮೆ ಮಾತ್ರ ಕರೆ ಮಾಡುತ್ತೇವೆ.’ ಬರೆದಂತೆ ಕಚೇರಿಯವರು ನಡೆದುಕೊಳ್ಳಬೇಕು, ಅಷ್ಟೆ. ಆಹ್ವಾನದ ಸಾಲೆಂದರೆ ಮುಂದಿನ ಕ್ಷಣದ ಬಗ್ಗೆ ಕೊಟ್ಟ ಮಾತು. ‘ದರಪಟ್ಟಿ ನೋಡಿರಿ’ ಎಂದು ಬರೆದು, ಒತ್ತಿದಾಗ ದರದ ಬದಲು ಫೋನ್ ನಂಬರ್ ಕೇಳುವ ಅರ್ಜಿ ತೆರೆದರೆ ಮೊದಲ ಮಾತೇ ಸುಳ್ಳಾಯಿತು.

ಯಾವ ಸಾಲು ಹೆಚ್ಚು ಕೆಲಸ ಮಾಡುತ್ತದೆ ಎಂದು ತಿಳಿಯಲು ಕಂಪನಿಗಳು ಅರ್ಧ ಜನರಿಗೆ ಒಂದು ಸಾಲು, ಉಳಿದರ್ಧ ಜನರಿಗೆ ಇನ್ನೊಂದು ಸಾಲು ತೋರಿಸಿ ಎಣಿಸುತ್ತವೆ. ಆದರೆ ಏನನ್ನು ಎಣಿಸಬೇಕು? ‘ಉಚಿತ ಚಿನ್ನದ ನಾಣ್ಯ’ ಎಂದು ಬರೆದರೆ ಒತ್ತುವವರು ನೂರಾರು ಜನ ಸಿಕ್ಕಾರು. ಅವರಲ್ಲಿ ಜಾಗ ನೋಡಲು ಬರುವವರು ಬೆರಳೆಣಿಕೆ ಮಂದಿಯಾದರೆ, ಮಾರಾಟದ ಹುಡುಗರು ವಾರವಿಡೀ ವ್ಯರ್ಥ ಕರೆ ಮಾಡಿ ಸುಸ್ತಾಗುತ್ತಾರೆ. ಒತ್ತಿದವರನ್ನಲ್ಲ, ಬಂದವರನ್ನು ಎಣಿಸಬೇಕು.

ಕಾನೂನು ಎಳೆದ ಗೆರೆ

ಈ ಕೆಲಸಕ್ಕೆ ಕೈಹಾಕುವ ಯುವಕ ಯುವತಿಯರು ರೇರಾ ಎಂದು ಕರೆಯುವ 2016ರ ರಿಯಲ್ ಎಸ್ಟೇಟ್ ಕಾಯ್ದೆಯನ್ನು ತಿಳಿದಿರಲೇಬೇಕು. ಅದರ 3ನೇ ಸೆಕ್ಷನ್ನಿನ ಪ್ರಕಾರ ಯೋಜನೆಯನ್ನು ಪ್ರಾಧಿಕಾರದಲ್ಲಿ ನೋಂದಾಯಿಸದೆ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ಪಡೆಯುವಂತಿಲ್ಲ, ಕೊಳ್ಳಲು ಜನರನ್ನು ಆಹ್ವಾನಿಸುವಂತೆಯೂ ಇಲ್ಲ. 500 ಚದರ ಮೀಟರ್ ಮೀರದ ಜಾಗ ಅಥವಾ 8ಕ್ಕಿಂತ ಹೆಚ್ಚಿಲ್ಲದ ಫ್ಲಾಟುಗಳ ಯೋಜನೆಗೆ ಮಾತ್ರ ಸಾಮಾನ್ಯವಾಗಿ ವಿನಾಯಿತಿ. ಹೀಗಾಗಿ ನೋಂದಣಿಯೇ ಆಗದ ಯೋಜನೆಗೆ ‘ಪ್ರೀ-ಲಾಂಚ್ ದರ, ಇಂದೇ ಬುಕ್ ಮಾಡಿ’ ಎಂದು ಬರೆದರೆ, ಸಾಲು ಎಷ್ಟೇ ಚೆನ್ನಾಗಿರಲಿ, ಅದು ಕಾನೂನಿಗೆ ವಿರುದ್ಧ.

ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆಯೂ ಪ್ರಾಧಿಕಾರದ ವೆಬ್‌ಸೈಟ್ ವಿಳಾಸವೂ ಎದ್ದು ಕಾಣುವಂತೆ ಇರಬೇಕೆಂದು 11ನೇ ಸೆಕ್ಷನ್ ಹೇಳುತ್ತದೆ. ಸುಳ್ಳು ಜಾಹೀರಾತು ನಂಬಿ ಹಣ ಕಟ್ಟಿ ನಷ್ಟಕ್ಕೊಳಗಾದವರಿಗೆ ಪ್ರವರ್ತಕರು ಪರಿಹಾರ ಕೊಡಬೇಕು. ಕೊಂಡವರು ಹಿಂದೆ ಸರಿಯಬಯಸಿದರೆ ಹಣವನ್ನು ಬಡ್ಡಿ ಸಮೇತ ಹಿಂತಿರುಗಿಸಬೇಕು ಎಂಬುದು 12ನೇ ಸೆಕ್ಷನ್.

ಇನ್ನೊಂದು ಗೆರೆ 2023ರ ನವೆಂಬರ್ 30ರದು. ಅಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ವ್ಯವಹಾರದ 13 ಬಗೆಯ ಮೋಸದ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಸುಳ್ಳು ಅವಸರ ಹುಟ್ಟಿಸುವುದು ಅವುಗಳಲ್ಲೊಂದು. ಐವತ್ತು ಸೈಟು ಬಾಕಿ ಇರುವಾಗ ‘ಎರಡೇ ಉಳಿದಿವೆ’ ಎನ್ನುವುದು, ಪುಟ ತೆರೆದಾಗಲೆಲ್ಲ ಹೊಸದಾಗಿ ಶುರುವಾಗುವ ‘ಇನ್ನು 15 ನಿಮಿಷ’ದ ಗಡಿಯಾರ ಈ ಜಾತಿಗೆ ಸೇರಿದವು. ಬೇಡವೆನ್ನುವವರಿಗೆ ನಾಚಿಕೆಯಾಗುವಂತೆ ಮಾಡುವುದು ಮತ್ತೊಂದು. ‘ಬೇಡ, ನನಗೆ ಬಾಡಿಗೆ ಮನೆಯೇ ಸಾಕು’ ಎಂಬ ಗುಂಡಿ ಇದಕ್ಕೆ ಉದಾಹರಣೆ. ನಿಜವಾಗಿಯೂ ಎರಡೇ ಉಳಿದಿದ್ದರೆ ಹಾಗೆಂದು ಬರೆಯಲು ಅಡ್ಡಿಯಿಲ್ಲ.

ಪೋಷಕರ ಗಮನಕ್ಕೆ

ಅವಸರಪಡಿಸುವ ಸಾಲು ಕಂಡಾಗ ಗುಂಡಿ ಒತ್ತುವ ಮೊದಲು ಪುಟದಲ್ಲಿ ನೋಂದಣಿ ಸಂಖ್ಯೆ ಹುಡುಕಿರಿ. ಅದನ್ನು ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಹಾಕಿ ಯೋಜನೆಯ ವಿವರ ನೋಡಿರಿ. ಮಾರಾಟ ಕರಾರು ಪತ್ರವನ್ನು ನೋಂದಾಯಿಸುವ ಮೊದಲು ಒಟ್ಟು ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ ಎಂಬುದೂ ನೆನಪಿರಲಿ. ಈ ಹುಡುಕಾಟವನ್ನು ಕಾಲೇಜಿಗೆ ಹೋಗುವ ಮಗ ಅಥವಾ ಮಗಳಿಗೇ ವಹಿಸಿದರೆ ಮನೆಗೂ ಉಪಕಾರ, ಅವರಿಗೂ ಪಾಠ.

ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ

ನಿವೇಶನ ಮಾರುವ ಮೂರು ವೆಬ್‌ಸೈಟುಗಳನ್ನು ತೆರೆದು ಗುಂಡಿಗಳ ಮೇಲಿನ ಸಾಲುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿರಿ. ಪ್ರತಿಯೊಂದರ ಎದುರು ಮೂರು ಪ್ರಶ್ನೆ ಹಾಕಿರಿ: ಏನು ಸಿಗುತ್ತದೆಂದು ಹೇಳಿದೆಯೇ? ಒತ್ತಿದ ಮೇಲೆ ಏನಾಗುತ್ತದೆಂದು ತಿಳಿಯುತ್ತದೆಯೇ? ಹೇಳಿದ್ದು ನಿಜವೇ? ಮೂರಕ್ಕೂ ಹೌದು ಎನ್ನಿಸದ ಸಾಲನ್ನು ನಿಮ್ಮದೇ ಕನ್ನಡದಲ್ಲಿ ತಿದ್ದಿ, ಮನೆಯಲ್ಲಿ ಅಪ್ಪ ಅಮ್ಮನಿಗೆ ಓದಿ ಹೇಳಿರಿ. ಅವರು ಹಿಂಜರಿಯದೆ ಒತ್ತುವಂತಿದ್ದರೆ ಸಾಲು ಗೆದ್ದಿತು.

ಕನ್ನಡದಲ್ಲಿ ಗುಂಡಿ ಎಂದರೆ ಒತ್ತುವುದೂ ಹೌದು, ಬೀಳುವುದೂ ಹೌದು. ಎರಡರ ನಡುವಿನ ಅಂತರ ಬರೆಯುವವನ ಕೈಯಲ್ಲಿದೆ.