ಎಳ್ಳಮಾವಾಸ್ಯೆಗೆ ಬರುವವರಿಗೆ



ಮಾರ್ಗಶಿರ ಮಾಸ ಬಂತೆಂದರೆ ನಮ್ಮ ಮನೆಯ ದೂರವಾಣಿಗೆ ಬಿಡುವಿರುವುದಿಲ್ಲ. “ಸಾರ್, ಎಳ್ಳಮಾವಾಸ್ಯೆ ಜಾತ್ರೆಗೆ ತೀರ್ಥಹಳ್ಳಿಗೆ ಬರುತ್ತಿದ್ದೇವೆ, ನಿಮ್ಮನ್ನೂ ನೋಡಿಕೊಂಡು ಹೋಗುತ್ತೇವೆ” ಎಂದು ನೀವು ಹೇಳುವಾಗ ಮನಸ್ಸು ತುಂಬಿ ಬರುತ್ತದೆ. ಅದರ ಬೆನ್ನಿಗೇ ಮತ್ತೊಂದು ಮಾತನ್ನೂ ಸೇರಿಸುತ್ತೀರಿ: “ತುಂಗೆಯ ದಡದಲ್ಲಿದ್ದೀರಿ, ಪುಣ್ಯವಂತರು ನೀವು.”

ಆಷಾಢದಲ್ಲಿ ಈ ಮಾತನ್ನು ಯಾರೂ ಆಡುವುದಿಲ್ಲ! ಆಗ ನದಿಯ ನಡುವಿನ ರಾಮಮಂಟಪ ಕೆಂಪು ನೀರಿನಲ್ಲಿ ಮುಳುಗಿರುತ್ತದೆ. ವಿದ್ಯುತ್ತು ಹೋದರೆ ಯಾವಾಗ ಬರುವುದೋ ತಿಳಿಯದು. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ ಬಟ್ಟೆಗೆ ಹೊಗೆಯ ವಾಸನೆ. ಅಡಿಕೆಗೆ ಕೊಳೆ ಬಂದೀತೆಂದು ತೋಟದವರಿಗೆ ನಿದ್ರೆಯಿಲ್ಲ. ನಮ್ಮದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7 ಸಾವಿರ ಮಿಲಿಮೀಟರಿಗೂ ಮಿಗಿಲಾದ ಮಳೆಯೆಂದು ನಾನು ಪಾಠದಲ್ಲಿ ಹೇಳುತ್ತಿದ್ದೆನಲ್ಲವೆ, ಆ ಅಂಕಿಯೊಳಗೆ ನಾವು ನಾಲ್ಕು ತಿಂಗಳು ವಾಸಿಸುತ್ತೇವೆ. ದೂರುತ್ತಿಲ್ಲ, ಕೆಸುವಿನೆಲೆಯ ಪತ್ರೊಡೆಯೂ ಕಳಲೆಯ ಪಲ್ಯವೂ ಆ ಮಳೆಯದೇ ಕೊಡುಗೆ.

ಹೇಳಬೇಕಾದದ್ದು ಬೇರೆ ಇದೆ. ಕೆಲವು ವರ್ಷಗಳ ಹಿಂದೆ ಜಾತ್ರೆಯ ಮುಂಜಾನೆ ಹೊಳೆಗೆ ಹೋಗಿದ್ದೆ. ಕುಟುಂಬದೊಡನೆ ಸ್ನಾನ ಮುಗಿಸಿದವನೊಬ್ಬ ಉಟ್ಟ ಪಂಚೆಯನ್ನು ಬಿಚ್ಚಿ ನೀರಿಗೆ ಬಿಟ್ಟ. ಶಾಂಪೂವಿನ ಖಾಲಿ ಪೊಟ್ಟಣವೂ ಅದರ ಹಿಂದೆ ಹೋಯಿತು. ತಿರುಗಿದವನು ನನ್ನನ್ನು ಕಂಡು “ಸಾರ್!” ಎಂದು ಓಡಿಬಂದು ಕಾಲಿಗೆರಗಿದ. ನನ್ನದೇ ವಿದ್ಯಾರ್ಥಿ. ತರಗತಿಯಲ್ಲಿ ಪಿಸುಗುಟ್ಟಿದವರನ್ನೂ ಎದ್ದು ನಿಲ್ಲಿಸುತ್ತಿದ್ದ ನಾನು ಅಂದು ಆಶೀರ್ವದಿಸಿ ಸುಮ್ಮನೆ ಮನೆಗೆ ಬಂದೆ. ಆ ಮೌನ ಇಂದಿಗೂ ನನ್ನನ್ನು ಚುಚ್ಚುತ್ತಿದೆ.

ಉಟ್ಟ ಬಟ್ಟೆಯೊಡನೆ ಪಾಪವೂ ಹೋಗುವುದೆಂಬ ನಂಬಿಕೆ ಹಲವರಲ್ಲಿದೆ. ಪರಶುರಾಮನು ಕೊಡಲಿಯ ರಕ್ತದ ಕಲೆಯನ್ನು ಇಲ್ಲಿ ತೊಳೆದನೆಂಬುದು ಸ್ಥಳಪುರಾಣ. ಆದರೆ ಆತ ಕೊಡಲಿಯನ್ನೇ ಹೊಳೆಯಲ್ಲಿ ಬಿಟ್ಟು ಹೋದನೆಂದು ಯಾವ ಅಜ್ಜಿಯೂ ನನಗೆ ಹೇಳಿಲ್ಲ.

ತಪ್ಪು ಅವನೊಬ್ಬನದಲ್ಲ. ಭೂಪಟದಲ್ಲಿ ತುಂಗೆಯನ್ನು ಗಂಗಾಮೂಲದಿಂದ ಶೃಂಗೇರಿ, ತೀರ್ಥಹಳ್ಳಿ, ಗಾಜನೂರು, ಶಿವಮೊಗ್ಗ ದಾಟಿಸಿ ಕೂಡಲಿಯಲ್ಲಿ ಭದ್ರೆಗೆ ಸೇರಿಸುವವರೆಗೆ ನಾನು ನಿಮ್ಮಿಂದ ಗೆರೆ ಎಳೆಸಿದೆ. ಈ ನೀರನ್ನೇ ಶಿವಮೊಗ್ಗದವರು ಕುಡಿಯುತ್ತಾರೆಂಬುದನ್ನು ಒತ್ತಿ ಹೇಳಲಿಲ್ಲ. “ಗಂಗಾಸ್ನಾನ, ತುಂಗಾಪಾನ” ಎಂಬ ಗಾದೆಯನ್ನು ಮಾತ್ರ ಬಾಯಿಪಾಠ ಮಾಡಿಸಿದೆ. ಊರಿನಲ್ಲೇ ಇರುವ ನಾವಾದರೂ ಪೂಜೆಯ ಹೂವನ್ನು ಪ್ಲಾಸ್ಟಿಕ್ ಚೀಲದ ಸಮೇತ ಸೇತುವೆಯ ಮೇಲಿಂದ ಎಸೆಯುತ್ತೇವೆ. ಹೊರಗಿನವರನ್ನಷ್ಟೇ ಬಯ್ಯುವ ಹಕ್ಕು ನಮಗೆಲ್ಲಿದೆ?

ಆದುದರಿಂದ ಅಂದು ಬಾಯಿ ಬಿಡದವನು ಇಂದು ಬರೆಯುತ್ತಿದ್ದೇನೆ. ಜಾತ್ರೆಗೆ ಬನ್ನಿ, ಮೀಯಿರಿ, ಮೂರನೆಯ ದಿನದ ತೆಪ್ಪೋತ್ಸವವನ್ನೂ ನೋಡಿ. ಒದ್ದೆ ಬಟ್ಟೆಯನ್ನು ಹಿಂಡಿ ಚೀಲಕ್ಕೆ ತುಂಬಿಕೊಳ್ಳಿ. ನಮ್ಮ ಮನೆಗೆ ಬಂದರೆ ಅಂಗಳದಲ್ಲಿ ಹಗ್ಗ ಕಟ್ಟಿರುತ್ತೇನೆ. ಮಾರ್ಗಶಿರದ ಬಿಸಿಲಿಗೆ ಊಟ ಮುಗಿಯುವಷ್ಟರಲ್ಲಿ ಒಣಗುತ್ತದೆ. ಸಾಧ್ಯವಾದರೆ ಮಳೆಗಾಲದಲ್ಲೊಮ್ಮೆ ಬಂದು ಎರಡು ದಿನ ಉಳಿಯಿರಿ. ಪತ್ರೊಡೆಯ ಜವಾಬ್ದಾರಿ ನಮ್ಮ ಮನೆಯವರದು.