ಡೈನೋ ಮೇಲೆ ಹತ್ತಿದ ಅಪ್ಪನ ಆರ್‌ಎಕ್ಸ್

ಇಲ್ಲಿ ಏನಾದ್ರೂ ಬರೆದು ತುಂಬಾ ದಿನ ಆಯ್ತು. ಆಫೀಸಲ್ಲಿ ಒಂದು ರಿಲೀಸ್ ಮುಗೀತು ಅನ್ನೋಷ್ಟರಲ್ಲಿ ಇನ್ನೊಂದು ರಿಲೀಸು... ನಿಮಗೆಲ್ಲ ಗೊತ್ತಿರೋ ಕಥೆಯೇ. ಇವತ್ತು ಬರೀತಿರೋದು ಮಾತ್ರ ಬೈಕ್ ಬಗ್ಗೆ. ಇಂಜಿನ್ ಪುರಾಣ ಬೇಡ ಅನ್ನೋರು ಮಧ್ಯದ ಲೆಕ್ಕಗಳನ್ನ ಹಾರಿಸಿ ಓದಬಹುದು :-)

ವಿಷಯ ಇಷ್ಟು. ಅಪ್ಪ 1993ರಲ್ಲಿ ಹಾಸನದಲ್ಲಿ ತಗೊಂಡ ಯಮಹಾ ಆರ್‌ಎಕ್ಸ್ 100 ಈಗ ಬೆಂಗಳೂರಲ್ಲಿ ನನ್ನ ಹತ್ತಿರ ಇದೆ. ನಾನು ಎಲ್‌ಕೆಜಿಗೆ ಹೋಗಿದ್ದು ಅದರ ಟ್ಯಾಂಕ್ ಮೇಲೆ ಕೂತುಕೊಂಡು. ಹೋದ ತಿಂಗಳು ಅದನ್ನ ಡೈನೋ ಮೇಲೆ ಹತ್ತಿಸಿದೆ. ಮೂರನೇ ರನ್ನಿಗೆ ಇಂಜಿನ್ ಸೀಜ್ ಆಯ್ತು. ಅವತ್ತಿಂದ ಗೆಳೆಯರು, ಚಿಕ್ಕಪ್ಪನ ಮಗ, ನಮ್ಮ ಬೀದಿ ಮೆಕ್ಯಾನಿಕ್, ಎಲ್ಲರದ್ದೂ ಒಂದೇ ಮಾತು: "ಅಷ್ಟು ರೈಸ್ ಮಾಡಿದ್ರೆ ಯಾವ ಇಂಜಿನ್ ಉಳಿಯುತ್ತೆ? ಡೈನೋ ಅಂದ್ರೆ ಗಾಡಿ ಸಾಯಿಸೋ ಮಷೀನು."

ನಾನು ಒಪ್ಪಲ್ಲ. ಗಾಡಿ ಹಾಳುಮಾಡಿಕೊಂಡವನು ನಾನೇ, ಆದ್ರೂ ಒಪ್ಪಲ್ಲ.

ಡೈನೋ ನೋಡಿರದವರಿಗೆ ಎರಡು ಮಾತು. ಹಿಂದಿನ ಚಕ್ರವನ್ನ ಒಂದು ಭಾರದ ಉರುಳೆಯ ಮೇಲೆ ಇಟ್ಟು, ಗಾಡಿಯನ್ನ ಬೆಲ್ಟ್ ಹಾಕಿ ಬಿಗೀತಾರೆ. ಗೇರ್ ಹಾಕಿ ಪೂರ್ತಿ ಆಕ್ಸಿಲರೇಟರ್ ತಿರುಗಿಸಿದ್ರೆ ಚಕ್ರ ಉರುಳೆಯನ್ನ ತಿರುಗಿಸುತ್ತೆ. ಉರುಳೆ ಎಷ್ಟು ಬೇಗ ವೇಗ ಹಿಡೀತು ಅನ್ನೋದರಿಂದ ಕಂಪ್ಯೂಟರ್ ಪವರ್ ಲೆಕ್ಕ ಹಾಕುತ್ತೆ. ಒಂದು ರನ್ ಅಂದ್ರೆ ಕೆಲವೇ ಸೆಕೆಂಡು. ಪವರ್ ಅಂದ್ರೆ ಟಾರ್ಕ್ ಮತ್ತು ಆರ್‌ಪಿಎಂ ಎರಡರ ಗುಣಲಬ್ಧ, ಹಾಗಾಗಿ ಅದರ ತುದಿ ಸಿಗೋದು ಮೇಲಿನ ಆರ್‌ಪಿಎಂನಲ್ಲೇ. ಅಲ್ಲಿಗೆ ಹೋಗದೆ ಟ್ಯೂನಿಂಗ್ ಮಾಡೋದು ಅಂದ್ರೆ ಕೊನೇ ಪೇಜ್ ಓದದೆ ಪತ್ತೇದಾರಿ ಕಾದಂಬರಿ ಬಗ್ಗೆ ವಿಮರ್ಶೆ ಬರೆದ ಹಾಗೆ.

ಸರಿ, ಹೆಚ್ಚು ಆರ್‌ಪಿಎಂ ಇಂಜಿನ್ನಿಗೆ ಕೆಟ್ಟದ್ದಾ? ಬರೀ ಆರ್‌ಪಿಎಂ ನೋಡಿದ್ರೆ ಏನೂ ಗೊತ್ತಾಗಲ್ಲ. ಪಿಸ್ಟನ್ ಎಷ್ಟು ದೂರ ಓಡಬೇಕು ಅನ್ನೋದನ್ನೂ ನೋಡಬೇಕು. ಆರ್‌ಎಕ್ಸ್ 100ರ ಸ್ಟ್ರೋಕ್ 50 ಮಿಮೀ. 7,500 ಆರ್‌ಪಿಎಂನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 12.5 ಮೀಟರ್. 2021ರಲ್ಲಿ ಬಂದ ಕ್ಲಾಸಿಕ್ 350ರ ಸ್ಟ್ರೋಕ್ 85.8 ಮಿಮೀ, 6,100ರಲ್ಲಿ ಅದರ ಪಿಸ್ಟನ್ 17.4 ಮೀಟರ್ ವೇಗದಲ್ಲಿ ಓಡುತ್ತೆ. ಮೊದಲ ತಲೆಮಾರಿನ ಡ್ಯೂಕ್ 390ರ ಸ್ಟ್ರೋಕ್ 60 ಮಿಮೀ, 9,000ದಲ್ಲಿ 18 ಮೀಟರ್. ಅಂದ್ರೆ "ಆರಾಮಾಗಿ ಗುಡುಗುಡು ಅನ್ನೋ" ಗಾಡಿಯ ಪಿಸ್ಟನ್ನೂ "ಕಿರುಚೋ" ಗಾಡಿಯ ಪಿಸ್ಟನ್ನೂ ಹತ್ತಿರ ಹತ್ತಿರ ಒಂದೇ ವೇಗದಲ್ಲಿವೆ! ನಮ್ಮ ಕಿವಿಗೆ ಕೇಳಿಸೋ ಕಿರುಚಾಟ ಇಂಜಿನ್ನಿನ ನೋವಲ್ಲ. ಕಂಪನಿಯವರು ಕೆಂಪು ಗೆರೆ ಎಳೆಯೋವಾಗ ಈ ಲೆಕ್ಕ ಮಾಡೇ ಎಳೆದಿರ್ತಾರೆ.

ಆ ಗೆರೆ ದಾಟಿದ್ರೆ ಮಾತ್ರ ಕಥೆ ಬೇರೆ. ಪಿಸ್ಟನ್ ತುದಿಗೆ ಹೋಗಿ ನಿಂತು ವಾಪಸ್ ಬರಬೇಕಾದಾಗ ಕನೆಕ್ಟಿಂಗ್ ರಾಡ್ ಮೇಲೆ ಬೀಳೋ ಎಳೆತ ಆರ್‌ಪಿಎಂನ ವರ್ಗದ ಹಾಗೆ ಏರುತ್ತೆ. 7,500ರಿಂದ 9,000ಕ್ಕೆ ಹೋದ್ರೆ ಆರ್‌ಪಿಎಂ ಹೆಚ್ಚಾಗಿದ್ದು 20%, ಎಳೆತ ಹೆಚ್ಚಾಗಿದ್ದು 44%. ಅದಕ್ಕೇ "ಲಿಮಿಟರ್ ತೆಗೆದು ಕೊಡ್ತೀನಿ ಸಾರ್" ಅನ್ನೋ ಟ್ಯೂನರ್ ಕಂಡ್ರೆ ಓಡಿಹೋಗಿ. ಆದ್ರೆ ಅದು ಡೈನೋ ತಪ್ಪಲ್ಲ. ಅದೇ ಗಾಡಿ ನೈಸ್ ರೋಡಲ್ಲಿ ಗೆರೆ ದಾಟಿದ್ರೂ ಫಲ ಒಂದೇ.

ಹಾಗಾದ್ರೆ ನನ್ನ ಗಾಡಿಗೆ ಏನಾಯ್ತು?

ಇಂಜಿನ್ ಬಿಚ್ಚಿದಾಗ ಗೊತ್ತಾಯ್ತು. ಸ್ಪಾರ್ಕ್ ಪ್ಲಗ್ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಪಿಸ್ಟನ್ನಿನ ಎಕ್ಸಾಸ್ಟ್ ಕಡೆಯ ಅಲ್ಯೂಮಿನಿಯಂ ಕರಗಿ ಸಿಲಿಂಡರಿಗೆ ಮೆತ್ತಿಕೊಂಡಿತ್ತು. ಕನೆಕ್ಟಿಂಗ್ ರಾಡ್, ಕ್ರ್ಯಾಂಕ್, ಬೇರಿಂಗು ಎಲ್ಲ ಕಲ್ಲಿನ ಹಾಗೆ ಗಟ್ಟಿ! ಆರ್‌ಪಿಎಂ ಕೊಂದಿದ್ದಾಗಿದ್ರೆ ಮೊದಲು ಹೋಗಬೇಕಾಗಿದ್ದು ಅವು. ಇದು ಬಿಸಿಯಿಂದ ಆದ ಸೀಜ್.

ಡೈನೋಗೆ ಹೋಗೋ ಒಂದು ವಾರ ಮುಂಚೆ ಹೊಸ ಸೈಲೆನ್ಸರ್ರೂ ಓಪನ್ ಏರ್ ಫಿಲ್ಟರ್ರೂ ಹಾಕಿಸಿದ್ದೆ. ಗಾಳಿ ಜಾಸ್ತಿ ಬಂತು, ಕಾರ್ಬುರೇಟರಲ್ಲಿ ಮೇನ್ ಜೆಟ್ ಮಾತ್ರ ಹಳೇದೇ ಇತ್ತು. ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ, ಅಂದ್ರೆ ಲೀನ್ ಮಿಶ್ರಣ, ಅಂದ್ರೆ ಬಿಸಿ. ಟೂ ಸ್ಟ್ರೋಕ್‌ನಲ್ಲಿ ಒಳಗೆ ಬರೋ ಪೆಟ್ರೋಲೇ ಪಿಸ್ಟನ್ನನ್ನ ತಣ್ಣಗೂ ಮಾಡಬೇಕು. ಅದರ ಮೇಲೆ ಇದು ಗಾಳಿಯಿಂದ ತಣ್ಣಗಾಗೋ ಇಂಜಿನ್. ರೋಡಲ್ಲಿ 80 ಕಿಮೀ ವೇಗದಲ್ಲಿ ಸೆಕೆಂಡಿಗೆ 22 ಮೀಟರ್ ಗಾಳಿ ಫಿನ್‌ಗಳಿಗೆ ಬಡಿಯುತ್ತೆ. ಅಲ್ಲಿ ಇದ್ದಿದ್ದು ಮದುವೆ ಮನೆಯ ಪೆಡೆಸ್ಟಲ್ ಫ್ಯಾನ್ ಥರದ್ದು ಒಂದು. ಮೂರು ರನ್ನುಗಳ ಮಧ್ಯೆ ಒಂದು ನಿಮಿಷದ ಬಿಡುವೂ ಇರಲಿಲ್ಲ.

ಇನ್ನೊಂದು ವಿಷಯ ಇದೆ, ಇದನ್ನ ಯಾರೂ ಹೇಳಲ್ಲ. ಇಂಜಿನ್ ಸೀಜ್ ಆಗಿದ್ದು ಪೂರ್ತಿ ರೈಸ್‌ನಲ್ಲಿದ್ದಾಗ ಅಲ್ಲ, ರನ್ ಮುಗಿದು ಆಕ್ಸಿಲರೇಟರ್ ಬಿಟ್ಟ ಮೇಲೆ. ರೋಡಲ್ಲಿ ಆಕ್ಸಿಲರೇಟರ್ ಬಿಟ್ರೆ ಎದುರುಗಾಳಿ ಗಾಡಿಯನ್ನ ನಿಧಾನ ಮಾಡುತ್ತೆ. ಡೈನೋದಲ್ಲಿ ಎದುರುಗಾಳಿ ಇಲ್ಲ, ಭಾರದ ಉರುಳೆ ತಿರುಗ್ತಾನೇ ಇರುತ್ತೆ. ಗೇರಲ್ಲೇ ಇದ್ರೆ ಈಗ ಅದೇ ಇಂಜಿನ್ನನ್ನ ತಿರುಗಿಸುತ್ತೆ. ಆರ್‌ಎಕ್ಸ್‌ನ ಟೂಟಿ ಆಯಿಲ್ ಪಂಪ್ ಆಕ್ಸಿಲರೇಟರ್ ಕೇಬಲ್ಲಿಗೆ ಜೋಡಿಸಿದ್ದು. ಆಕ್ಸಿಲರೇಟರ್ ಬಿಟ್ಟಾಗ ಆಯಿಲ್ಲೂ ಕಮ್ಮಿ, ಪೆಟ್ರೋಲೂ ಕಮ್ಮಿ, ಪಿಸ್ಟನ್ ಮಾತ್ರ ಅದೇ ವೇಗದಲ್ಲಿ ಒಣಗಿದ ಗಂಟಲಲ್ಲಿ ಓಡ್ತಾ ಇರುತ್ತೆ. ರನ್ ಮುಗಿದ ಕೂಡಲೇ ಕ್ಲಚ್ ಹಿಡಿದಿದ್ರೆ ಬಹುಶಃ ಉಳೀತಿತ್ತು.

ಇದನ್ನೆಲ್ಲ ಆ ವರ್ಕ್‌ಶಾಪಿನವರ ತಲೆಗೆ ಕಟ್ಟಿ ಸುಮ್ಮನಾಗಬಹುದಿತ್ತು. ಆದ್ರೆ ಎರಡನೇ ರನ್ ಆದ ಮೇಲೆ ಆ ಹುಡುಗ "ಸ್ವಲ್ಪ ಆರಲಿ ಸಾರ್" ಅಂದಿದ್ದ. ಸ್ಕ್ರೀನ್ ಮೇಲೆ ಬಂದ ನಂಬರು ನನಗೆ ಸಾಲದಾಗಿತ್ತು. ಕಂಪನಿ ಹೇಳೋ 11 ಅಶ್ವಶಕ್ತಿ ಕ್ರ್ಯಾಂಕಿನ ಲೆಕ್ಕ, ಗೇರು ಚೈನು ದಾಟಿ ಚಕ್ರಕ್ಕೆ ಬರೋಷ್ಟರಲ್ಲಿ ಕಮ್ಮಿ ಆಗೇ ಆಗುತ್ತೆ ಅಂತ ಇಂಜಿನಿಯರಿಂಗ್ ಓದಿದ ನನಗೆ ಗೊತ್ತು. ಆದ್ರೂ ವಾಟ್ಸಾಪ್ ಗ್ರೂಪಲ್ಲಿ ತೋರಿಸೋಕೆ ಎರಡಂಕಿ ಬೇಕಿತ್ತು. "ಇನ್ನೊಂದೇ ಒಂದು ಹೊಡಿ" ಅಂದವನು ನಾನೇ.

ನಮ್ಮ ಕೆಲಸದಲ್ಲಿ ಲೋಡ್ ಟೆಸ್ಟ್ ಮಾಡಿ ಸರ್ವರ್ ಬಿದ್ರೆ ಟೆಸ್ಟನ್ನ ಯಾರೂ ಬೈಯಲ್ಲ, ಸದ್ಯ ಈಗಲೇ ಗೊತ್ತಾಯ್ತಲ್ಲ ಅಂತೀವಿ. ಡೈನೋ ಕೂಡ ಅಂಥದ್ದೇ ಅಂದ್ಕೊಂಡು ಹೋಗಿದ್ದೆ. ಒಂದು ವ್ಯತ್ಯಾಸ ಮರೆತಿದ್ದೆ. ಸರ್ವರನ್ನ ರೀಸ್ಟಾರ್ಟ್ ಮಾಡಬಹುದು, ಪಿಸ್ಟನ್ನನ್ನ ಆಗಲ್ಲ. ಅದಕ್ಕೇ ಇಲ್ಲಿ ಟೆಸ್ಟಿಗಿಂತ ಟೆಸ್ಟಿನ ಮುಂಚಿನ ತಯಾರಿ ಮುಖ್ಯ.

ಹಾಗಾಗಿ ಡೈನೋಗೆ ಹೋಗೋರು ಹೋಗಿ, ಧೈರ್ಯವಾಗಿ ಹೋಗಿ. ಇಷ್ಟು ಮಾತ್ರ ನೋಡ್ಕೊಳ್ಳಿ: ಸೈಲೆನ್ಸರ್, ಫಿಲ್ಟರ್ ಬದಲಿಸಿದ್ರೆ ಮೊದಲು ಜೆಟ್ಟೋ ಮ್ಯಾಪೋ ಸರಿಮಾಡಿಸಿ. ಮೊದಲ ರನ್ ಆದ ಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಇಂಜಿನ್ ಮುಂದೆ ನಿಜವಾದ ಬ್ಲೋವರ್ ಇರಲಿ, ಪ್ರತಿ ರನ್ ಮಧ್ಯೆ ಗಾಡಿ ಆರಲಿ. ಪವರ್ ಇಳಿಯೋಕೆ ಶುರುವಾದ ಮೇಲೆ ಇನ್ನೂ ಮೇಲೆ ಹೋಗಬೇಡಿ. ಟೂ ಸ್ಟ್ರೋಕ್ ಆದ್ರೆ ಆಕ್ಸಿಲರೇಟರ್ ಬಿಡೋವಾಗ ಕ್ಲಚ್ ಹಿಡೀರಿ. ಸಾಕು ಅನ್ನೋ ನಂಬರನ್ನ ಮನೇಲೇ ನಿರ್ಧಾರ ಮಾಡ್ಕೊಂಡು ಹೋಗಿ.

ಸಿಲಿಂಡರ್ ಈಗ ಬೋರ್ ಮಾಡಿಸೋಕೆ ಲೇತ್‌ನಲ್ಲಿದೆ, ಓವರ್‌ಸೈಜ್ ಪಿಸ್ಟನ್ ಹುಡುಕ್ತಾ ಇದೀನಿ. ಅಪ್ಪನಿಗೆ ಫೋನ್ ಮಾಡಿ ಹೇಳೋಕೆ ನಾಲ್ಕು ದಿನ ಬೇಕಾಯ್ತು. ಬೈತಾರೆ ಅಂದ್ಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ಬಂತೋ ಪವರ್ರು?" ಅಂದ್ರು.

ಹೇಳಿದೆ. "ಅಷ್ಟ್ರಲ್ಲೇ ನಿಮ್ಮಮ್ಮನ್ನೂ ನಿನ್ನನ್ನೂ ಕೂರಿಸ್ಕೊಂಡು ಬೇಲೂರಿಗೆ ಹೋಗಿ ಬರ್ತಿದ್ದೆ ಕಣೋ" ಅಂತ ಹೇಳಿ ಫೋನ್ ಅಮ್ಮನಿಗೆ ಕೊಟ್ರು.

ನಿಮ್ಮಲ್ಲಿ ಯಾರಾದ್ರೂ ಡೈನೋ ಹತ್ತಿಸಿದ್ರೆ, ಏನಾಯ್ತು ಅಂತ ಬರೀರಿ. ನಾನು ಹೇಳಿದ್ದರಲ್ಲಿ ತಪ್ಪಿದ್ರೆ ಅದನ್ನೂ ಬರೀರಿ.