ಯೆರವಡಾ ಬೈಗುಳವಲ್ಲ

ಆಟದ ಬಯಲಿನಲ್ಲಿ ಯಾರಾದರೊಬ್ಬನು ಅಸಂಬದ್ಧವಾಗಿ ಮಾತನಾಡಿದರೆ, "ಇವನನ್ನು ಯೆರವಡಾಕ್ಕೆ ಕಳುಹಿಸಬೇಕು" ಎಂದು ಉಳಿದವರು ನಗುವುದನ್ನು ನಾವು ಅನೇಕ ಸಲ ಕೇಳಿದ್ದೇವೆ. ಪುಣೆಯಲ್ಲಿ ಈ ಮಾತು ಮರಾಠಿಗರ ಬಾಯಲ್ಲಿಯೂ ಇದೆ, ಕನ್ನಡಿಗರ ಬಾಯಲ್ಲಿಯೂ ಇದೆ. ಯೆರವಡಾದಲ್ಲಿರುವ ಮಾನಸಿಕ ಆಸ್ಪತ್ರೆಯೇ ಇದಕ್ಕೆ ಕಾರಣವೆಂಬುದು ನಿಮಗೆಲ್ಲ ತಿಳಿದ ವಿಷಯ. ಆಡಿದವರಿಗೆ ಇದು ಕೇವಲ ವಿನೋದ. ಆದರೆ ಈ ವಿನೋದವು ಯಾರ ಬಾಯನ್ನು ಮುಚ್ಚಿಸುತ್ತದೆಂಬುದನ್ನು ವಿದ್ಯಾರ್ಥಿಗಳು ಒಮ್ಮೆ ಯೋಚಿಸಬೇಕೆಂದು ನಮ್ಮ ಬಿನ್ನಹ.

ನಮಗೆ ಪರಿಚಿತರಾದ ಮಾಜಿ ಸೈನಿಕರೊಬ್ಬರಿದ್ದಾರೆ. ಉತ್ತರ ಕರ್ನಾಟಕದವರು. ಹದಿನೇಳು ವರ್ಷ ಸೈನ್ಯದಲ್ಲಿ ದುಡಿದು, ಈಗ ಯೆರವಡಾದ ಒಂದು ಕಟ್ಟಡದಲ್ಲಿ ರಾತ್ರಿಯ ಕಾವಲುಗಾರರಾಗಿದ್ದಾರೆ. ಹಗಲಿನ ಪಾಳಿಯನ್ನೂ ತಾವೇ ಕೇಳಿ ಪಡೆಯುತ್ತಾರೆ. ಹಣದಾಸೆಯೆಂದು ನಾವು ಭಾವಿಸಿದ್ದೆವು. ಒಂದು ದಿನ ಅವರೇ ಹೇಳಿದರು: "ಮಾಸ್ತರ, ಕಾಲು ಮುರಿದಿದ್ರ ಎಲ್ಲಾರೂ ನೋಡಾಕ ಬರತಿದ್ರು. ನಿದ್ದಿ ಬರವಲ್ದು ಅಂತ ಯಾರ ಮುಂದ ಹೇಳಲಿ? ಯೆರವಡಾ ದವಾಖಾನಿಗೆ ಹೋದಾ ಅಂದ್ರ ಹುಡುಗರು ನಗತಾವ." ಶತ್ರುವಿಗೆ ಬೆದರದವರು ಹುಡುಗರ ನಗೆಗೆ ಬೆದರಿದರು!

ಈ ಬೇನೆ ಹೊಸದಲ್ಲ. ಪ್ರಥಮ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ ಇದನ್ನು 'ಶೆಲ್ ಶಾಕ್' ಎಂಬ ಹೆಸರಿನಿಂದ ವರ್ಣಿಸಿದನು. ಆದರೂ ಸೇನಾಧಿಕಾರಿಗಳಲ್ಲಿ ಹಲವರು ಅದನ್ನು ಹೇಡಿತನವೆಂದೇ ಬಗೆದರು. ಹೇಡಿತನ, ಪಲಾಯನ ಮೊದಲಾದ ಅಪರಾಧಗಳನ್ನು ಹೊರಿಸಿ ಆ ಯುದ್ಧದಲ್ಲಿ ಗುಂಡಿಕ್ಕಿ ಕೊಂದ 306 ಸೈನಿಕರಿಗೆ ಬ್ರಿಟನ್ 2006ರಲ್ಲಿ ಮರಣೋತ್ತರ ಕ್ಷಮೆ ನೀಡಿತು. ಅವರಲ್ಲಿ ಕೆಲವರು ಇದೇ ಬೇನೆಯಿಂದ ನರಳಿದವರು. ರೋಗಕ್ಕೆ ತಪ್ಪು ಹೆಸರಿಟ್ಟರೆ ಆಗುವ ಅನರ್ಥಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಮಾಜಿ ಸೈನಿಕರೆಲ್ಲರೂ ಖಿನ್ನರೆಂದು ನಾವು ಹೇಳುತ್ತಿಲ್ಲ. ಬಹುಮಂದಿ ನೆಮ್ಮದಿಯಿಂದಲೇ ಬಾಳುತ್ತಾರೆ. ಆದರೆ ಸಾಮಾನ್ಯ ಸಿಪಾಯಿಯು 35–40ರ ಪ್ರಾಯದಲ್ಲಿಯೇ ನಿವೃತ್ತನಾಗುವನೆಂಬುದನ್ನು ನೆನೆಯಿರಿ. ತುತ್ತೂರಿಯ ದನಿಗೆ ಎದ್ದು, ಜೊತೆಗಾರರೊಡನೆ ಉಂಡು, ಆಜ್ಞೆಯಂತೆ ನಡೆದವನಿಗೆ ಒಂದು ಮುಂಜಾನೆ ಜೊತೆಗಾರರೂ ಇಲ್ಲ, ಆಜ್ಞೆಯೂ ಇಲ್ಲ. ಕಂಡ ಸಾವುನೋವುಗಳು ಮಾತ್ರ ಸಂಗಡ ಬರುತ್ತವೆ. ನಿದ್ರಾಹೀನತೆ, ಕಾರಣವಿಲ್ಲದ ಕೋಪ, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವಿಕೆ, ಕೆಲವರಲ್ಲಿ ಕುಡಿತ, ಇವು ಸ್ವಭಾವದೋಷಗಳಲ್ಲ. ಚಿಕಿತ್ಸೆ ಬೇಕಾದ ಬೇನೆಯ ಲಕ್ಷಣಗಳಾಗಿರಬಹುದು. ಔಷಧದಿಂದಲೂ ಆಪ್ತಸಮಾಲೋಚನೆಯಿಂದಲೂ ಇಂಥವರು ಚೇತರಿಸಿಕೊಳ್ಳುತ್ತಾರೆ.

ನಮ್ಮ ಊರಿನ ನಡತೆಯನ್ನೇ ನೋಡಿರಿ. ಯೆರವಡಾದಿಂದ ಮುಳಾ ನದಿಯಾಚೆಗೆ ಖಡಕಿಯಿದೆ. ಅಂಗವಿಕಲ ಯೋಧರಿಗೆ ಕಸಬು ಕಲಿಸಲು 1917ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆಯು ಅಲ್ಲಿ ನೆಲೆಸಿದೆ. ಬೆನ್ನುಹುರಿಗೆ ಪೆಟ್ಟುಬಿದ್ದ ಯೋಧರಿಗಾಗಿ 1974ರಲ್ಲಿ ಸ್ಥಾಪಿತವಾದ ಪುನರ್ವಸತಿ ಕೇಂದ್ರವೂ ಅಲ್ಲಿಯೇ ಇದೆ. ಅಲ್ಲಿನ ಗಾಲಿಕುರ್ಚಿಯ ಯೋಧರನ್ನು ಕಂಡರೆ ನಾವು ಕೈಮುಗಿಯುತ್ತೇವೆ. ದೇಹದ ಗಾಯಕ್ಕೆ ನದಿಯ ಆ ದಡದಲ್ಲಿ ಗೌರವ, ಮನಸ್ಸಿನ ಗಾಯಕ್ಕೆ ಈ ದಡದಲ್ಲಿ ಪರಿಹಾಸ್ಯ! ಇದು ಯಾವ ನ್ಯಾಯ?

ಸರ್ಕಾರವು ಈ ಮಾತನ್ನು ಕೊಂಚ ಮಟ್ಟಿಗೆ ಅರಿತಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ-ಮಾನಸ್' ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಯಾರು ಬೇಕಾದರೂ ಕರೆಮಾಡಬಹುದು. ಸೈನಿಕರಿಗೂ ಅವರ ಕುಟುಂಬದವರಿಗೂ ಅದರ ವಿಶೇಷ ಘಟಕವೊಂದು 2023ರ ಡಿಸೆಂಬರಿನಲ್ಲಿ ನಮ್ಮ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಮಹಾವಿದ್ಯಾಲಯದಲ್ಲಿಯೇ ತೆರೆಯಿತು. ಆದರೆ ಫೋನು ಹಿಡಿಯುವ ಕೈಯನ್ನು ನಾಚಿಕೆ ತಡೆದರೆ ಯಾವ ಘಟಕವಿದ್ದೇನು?

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಹಿರಿಯರ ಗಾದೆ. ವಿದ್ಯಾರ್ಥಿಗಳೇ, ನಿಮ್ಮ ಕೈಯಲ್ಲಿ ಔಷಧವಿಲ್ಲ, ನಾಲಗೆಯಂತೂ ಇದೆ. ಇನ್ನು ಮುಂದೆ ಬಯಲಿನಲ್ಲಿ ಯಾರಾದರೂ ಆ ಮಾತನ್ನಾಡಿದರೆ, "ಅದು ಆಸ್ಪತ್ರೆ, ಅಲ್ಲಿ ಕಾಯಿಲೆ ವಾಸಿಮಾಡುತ್ತಾರೆ" ಎಂದು ಹೇಳಿರಿ. ನಮ್ಮ ಆ ಮಿತ್ರರು ಇನ್ನೂ ವೈದ್ಯರ ಬಳಿಗೆ ಹೋಗಿಲ್ಲ. ಅವರು ಹೊರಡುವ ದಿನ ಜೊತೆಗೆ ಬರುವೆವೆಂದು ನಾವು ಮಾತು ಕೊಟ್ಟಿದ್ದೇವೆ. ಆ ದಿನ ದಾರಿಯಲ್ಲಿ ನೀವು ಎದುರಾದರೆ ನಗಬೇಡಿರಿ. ಖಡಕಿಯ ಯೋಧರಿಗೆ ಮಾಡುವ ನಮಸ್ಕಾರವನ್ನೇ ಇವರಿಗೂ ಮಾಡಿರಿ.